ನೋವು, ನಂಬುಗೆ, ಸಂಮೋಹನ

(ಶ್ರೀಮಠದ ಮಹೋತ್ಸವದ ಅಂಗವಾಗಿ ರಾಯಲ್ಪಾಡಿನಲ್ಲಿ ಕೂಡಿದ್ದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ನೋವನ್ನು ಅರಿಯದ ಜೀವವಿಲ್ಲ. ಅರಸನೆಂದು ಅದು ಅಂಜುವುದಿಲ್ಲ. ಬಡವನೆಂದು ಕನಿಕರಿಸುವುದೂ ಇಲ್ಲ. ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಕೊಯ್ಲಿನ ಕಾಲದಲ್ಲಿ ಕೊಂಬೆಯಿಂದ ಜಾರಿ ಬಿದ್ದ ಆಳು, ಹಗಲೆಲ್ಲ ಬಗ್ಗಿ ಕಳೆ ಕಿತ್ತು ಸಂಜೆಗೆ ನಡುವನ್ನು ನೆಟ್ಟಗೆ ಮಾಡಲಾರದ ತಾಯಿ, ಮಂಡಿಗೆ ಕೈಯೂರಿ ಮೆಲ್ಲಗೆ ಎದ್ದು ನಿಲ್ಲುವ ವೃದ್ಧ, ಇವರನ್ನು ಕಾಣದ ಗ್ರಾಮವು ಈ ಹೋಬಳಿಯಲ್ಲಿ ಒಂದೂ ಇರಲಾರದು. ಇವರಲ್ಲಿ ಅನೇಕರು ವೈದ್ಯನಲ್ಲಿಗೆ ಹೋಗುವುದಕ್ಕೆ ಮುಂಚೆ ಮಠದ ಬಾಗಿಲಿಗೆ ಬರುವರು. ವಿಭೂತಿಯನ್ನು ಧರಿಸಿ, ಪಾದೋದಕವನ್ನು ಸ್ವೀಕರಿಸಿ, ಗುರುಗಳ ಎರಡು ಮಾತನ್ನು ಕೇಳಿ, “ಈಗ ಸ್ವಲ್ಪ ಹಗುರವಾಯಿತು ಬುದ್ಧೀ” ಎಂದು ಹೇಳಿ ಹಿಂದಿರುಗುವರು.

ಆ ಹಗುರವು ನಿಜವೋ, ಭ್ರಮೆಯೋ? ಈ ಪ್ರಶ್ನೆಗೆ ಲೋಕದಲ್ಲಿ ಎರಡು ಬಗೆಯ ಉತ್ತರಗಳುಂಟು. ಓದಿದವರು ಕೆಲವರು, “ಇದೆಲ್ಲ ಮನಸ್ಸಿನ ಭ್ರಾಂತಿ, ನೋವು ಹೋಗಲೂ ಇಲ್ಲ, ಮೊದಲು ಅಷ್ಟಾಗಿ ಇರಲೂ ಇಲ್ಲ” ಎಂದು ನಗುವರು. ಭಕ್ತರಲ್ಲಿ ಕೆಲವರು, “ನಂಬಿದವನಿಗೆ ಔಷಧವೇಕೆ?” ಎಂದು ಆಸ್ಪತ್ರೆಯ ದಾರಿಯನ್ನೇ ಬಿಡುವರು. ಈ ಎರಡು ಉತ್ತರಗಳೂ ಸರಿಯಲ್ಲವೆಂಬುದು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದ ಪರೀಕ್ಷೆಗಳಿಂದ ಸಿದ್ಧವಾಗಿದೆ. ಆ ಪರೀಕ್ಷೆಗಳ ಸಾರವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ನೋವಿನ ಸ್ವರೂಪವನ್ನು ವಿಚಾರಿಸಬೇಕು. ಗಾಯ ಎಷ್ಟು ದೊಡ್ಡದೋ ನೋವೂ ಅಷ್ಟೇ ದೊಡ್ಡದೆಂದು ಸಾಮಾನ್ಯರು ಭಾವಿಸುವುದುಂಟು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನು ಕಂಡದ್ದೇ ಬೇರೆ. ಭಾರಿಯಾಗಿ ಗಾಯಗೊಂಡ ೨೧೫ ಮಂದಿ ಯೋಧರನ್ನು ಆತನು ಪ್ರಶ್ನಿಸಿದನು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ತಮಗೆ ನೋವಿನ ಔಷಧ ಬೇಡವೆಂದರು. ಅವರು ಮೂರ್ಛೆಹೋದವರೂ ಅಲ್ಲ, ಸಂವೇದನೆ ಸತ್ತವರೂ ಅಲ್ಲ. ಸೂಜಿ ಚುಚ್ಚುವಾಗ ಎಲ್ಲರಂತೆ ಮುಖ ಸಿಂಡರಿಸುತ್ತಿದ್ದರು. ೧೯೪೬ರಲ್ಲಿ ಈ ಸಂಗತಿಯನ್ನು ಪ್ರಕಟಿಸಿ ಬೀಚರನು ಒಂದು ಕಾರಣವನ್ನು ಸೂಚಿಸಿದನು. ಯೋಧನಿಗೆ ಗಾಯವೆಂದರೆ ಮೃತ್ಯುವಿನ ಬಾಯಿಂದ ಬಿಡುಗಡೆ, ಮನೆಗೆ ಮರಳುವ ದಾರಿ. ಅದೇ ಗಾಯ ಊರಿನಲ್ಲಿ ದುಡಿದು ಉಣ್ಣುವವನಿಗೆ ಆದರೆ ಅದು ಸಂಸಾರದ ಮೇಲೆ ಬಿದ್ದ ಸಿಡಿಲು. ಗಾಯವು ಒಂದೇ, ಅದರ ಅರ್ಥವು ಬೇರೆ, ಆದಕಾರಣ ನೋವೂ ಬೇರೆ. ನೋವು ದೇಹದಲ್ಲಿ ಹುಟ್ಟಿದರೂ ಅದರ ಅಳತೆಯು ಮನಸ್ಸಿನಲ್ಲಿ ಆಗುವುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇನ್ನು ಹುಸಿಮದ್ದಿನ ವಿಚಾರ. ಔಷಧದ ಗುಣವೇ ಇಲ್ಲದ ಸಕ್ಕರೆಯ ಗುಳಿಗೆಯನ್ನೋ ಉಪ್ಪುನೀರಿನ ಚುಚ್ಚುಮದ್ದನ್ನೋ ರೋಗಿಗೆ ಕೊಟ್ಟಾಗ ಆತನಿಗೆ ಗುಣ ತೋರಿದರೆ, ಆ ವಸ್ತುವನ್ನು ಪ್ಲಾಸೀಬೋ ಎಂದು ಕರೆಯುವರು. ಇದು ಲ್ಯಾಟಿನ್ ಭಾಷೆಯ ಮಾತು. “ಮೆಚ್ಚಿಸುವೆನು” ಎಂದು ಇದರ ಅರ್ಥ.

ಈ ವಿಷಯದಲ್ಲಿ ಕ್ರಮವಾದ ಪರೀಕ್ಷೆಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಮೆಸ್ಮರ್ ಎಂಬ ವೈದ್ಯನು ಪ್ಯಾರಿಸ್ ನಗರದಲ್ಲಿ ನೆಲಸಿ, ತನ್ನ ಕೈಯಿಂದ ಒಂದು ಅದೃಶ್ಯವಾದ ಕಾಂತಶಕ್ತಿಯು ಹರಿದು ರೋಗಗಳನ್ನು ಕಳೆಯುವುದೆಂದು ಸಾರಿದನು. ಜನ ಮುಗಿಬಿದ್ದರು. ೧೭೮೪ರಲ್ಲಿ ಫ್ರಾನ್ಸಿನ ದೊರೆಯು ಒಂದು ಸಮಿತಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಮೊದಲಾದ ಪ್ರಸಿದ್ಧ ವಿಜ್ಞಾನಿಗಳು ಅದರಲ್ಲಿದ್ದರು. ತೋಟದ ಒಂದು ಮರಕ್ಕೆ ಮಾತ್ರ ಶಕ್ತಿಯನ್ನು ತುಂಬಿ, ಒಬ್ಬ ಹುಡುಗನ ಕಣ್ಣು ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಹುಡುಗನು ಶಕ್ತಿ ತುಂಬದ ಮರದ ಬಳಿಯಲ್ಲಿಯೇ ಮೂರ್ಛೆಹೋದನು. ಶಕ್ತಿಯು ಮರದಲ್ಲಿ ಇರಲಿಲ್ಲ, ಹುಡುಗನ ನಿರೀಕ್ಷೆಯಲ್ಲಿತ್ತು ಎಂದು ಸಮಿತಿಯು ನಿರ್ಣಯಿಸಿತು. ಹದಿನೈದು ವರ್ಷಗಳ ತರುವಾಯ, ೧೭೯೯ರಲ್ಲಿ, ಇಂಗ್ಲೆಂಡಿನ ಬಾತ್ ಪಟ್ಟಣದ ಹೇಗಾರ್ತ್ ಎಂಬ ವೈದ್ಯನು ಇನ್ನೊಂದು ಪರೀಕ್ಷೆ ಮಾಡಿದನು. ನೋವನ್ನು ಎಳೆದು ತೆಗೆಯುವುವೆಂದು ದುಬಾರಿ ಬೆಲೆಗೆ ಮಾರುತ್ತಿದ್ದ ಲೋಹದ ಕಡ್ಡಿಗಳಿಗೆ ಬದಲಾಗಿ, ಮರದ ಕಡ್ಡಿಗಳಿಗೆ ಬಣ್ಣ ಬಳಿದು ಸಂಧಿವಾತದ ಐವರು ರೋಗಿಗಳ ಮೈಮೇಲೆ ಆಡಿಸಲು, ನಾಲ್ವರು ನೋವು ಕಡಿಮೆಯಾಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳಿಂದಲೂ ಅಷ್ಟೇ ಫಲ ದೊರೆಯಿತು.

ಭರತಖಂಡಕ್ಕೆ ಸಂಬಂಧಪಟ್ಟ ಕಥೆಯು ಇವೆಲ್ಲಕ್ಕಿಂತಲೂ ಆಶ್ಚರ್ಯಕರವಾದುದು. ಕುಂಪಣಿಯ ಸರ್ಕಾರದಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯನಿದ್ದನು. ಬಂಗಾಳದ ಹೂಗ್ಲಿಯಲ್ಲಿ ಆತನ ಆಸ್ಪತ್ರೆ. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯೆಂದರೆ ಎಚ್ಚರವಿರುವ ಮನುಷ್ಯನನ್ನು ನಾಲ್ಕು ಜನ ಹಿಡಿದುಕೊಂಡು ಕೊಯ್ಯುವುದು. ೧೮೪೫ನೆಯ ಏಪ್ರಿಲ್ ೪ರಂದು ಸೆರೆಮನೆಯ ಒಬ್ಬ ಕೈದಿಯು ವೃಷಣದ ನೀರೂತದ ಚಿಕಿತ್ಸೆಯಿಂದ ಬಹಳ ಸಂಕಟಪಡುವುದನ್ನು ಎಸ್ಡೇಲನು ಕಂಡು ಮರುಗಿದನು. ಮೆಸ್ಮರನ ವಿದ್ಯೆಯನ್ನು ಆತನು ಪುಸ್ತಕದಲ್ಲಿ ಓದಿದ್ದನೇ ಹೊರತು ಕಣ್ಣಿನಿಂದ ಕಂಡವನಲ್ಲ. ಆದರೂ ಪ್ರಯತ್ನಿಸಿ ನೋಡೋಣವೆಂದು, ರೋಗಿಯ ಮುಖದ ಮೇಲೂ ಎದೆಯ ಮೇಲೂ ಮುಟ್ಟಿಯೂ ಮುಟ್ಟದಂತೆ ಬಹು ಹೊತ್ತು ಕೈಯಾಡಿಸಿದನು. ಕೈದಿಗೆ ಗಾಢವಾದ ನಿದ್ರೆಯಂಥ ಸ್ಥಿತಿ ಒದಗಿತು. ಸೂಜಿ ಚುಚ್ಚಿದರೂ ಅಲುಗಲಿಲ್ಲ. ಅಲ್ಲಿಂದ ಮುಂದೆ ಎಂಟು ತಿಂಗಳಲ್ಲಿ ಆತನು ಈ ರೀತಿಯಲ್ಲಿ ೭೩ ಶಸ್ತ್ರಚಿಕಿತ್ಸೆಗಳನ್ನು ಮಾಡಿದುದಾಗಿ ಲೆಕ್ಕ ಕೊಟ್ಟಿರುವನು. ಕೈಯಾಡಿಸುವ ಕೆಲಸವು ಗಂಟೆಗಟ್ಟಲೆ ಹಿಡಿಯುತ್ತಿದ್ದುದರಿಂದ, ಹಿಂದೂ ಮುಸಲ್ಮಾನ ಸಹಾಯಕರಿಗೂ ಅದನ್ನು ಕಲಿಸಿದನು. ೧೮೪೬ರಲ್ಲಿ ಬಂಗಾಳದ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. ಕೆಲವರು ರೋಗಿಗಳು ಕೊಯ್ಯುವಾಗ ಮೈ ತಿರುಚಿದರೆಂದೂ, ಎಚ್ಚತ್ತ ಮೇಲೆ ನೋವಿನ ನೆನಪೇ ಇಲ್ಲವೆಂದರೆಂದೂ ಸಮಿತಿಯವರು ನಿಷ್ಪಕ್ಷಪಾತವಾಗಿ ಬರೆದರು. ಕಲ್ಕತ್ತೆಯಲ್ಲಿ ಆತನಿಗೆ ಪ್ರತ್ಯೇಕವಾದ ಒಂದು ಆಸ್ಪತ್ರೆಯೇ ದೊರೆಯಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಈಥರ್, ಮರುವರ್ಷ ಸ್ಕಾಟ್‌ಲೆಂಡಿನಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದುವು. ಅವು ಕೆಲವೇ ನಿಮಿಷಗಳಲ್ಲಿ ಬಹುಮಟ್ಟಿಗೆ ಎಲ್ಲರನ್ನೂ ಸಮನಾಗಿ ಮಲಗಿಸುತ್ತಿದ್ದುದರಿಂದ ಎಸ್ಡೇಲನ ಪದ್ಧತಿಯು ಹಿಂದೆ ಬಿದ್ದಿತು.

ಇದರ ನಡುವೆ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಎಂಬ ವೈದ್ಯನು, ಕೈಯಿಂದ ಹರಿಯುವ ಶಕ್ತಿಯೊಂದೂ ಇಲ್ಲ. ಹೊಳೆಯುವ ಒಂದು ವಸ್ತುವಿನಲ್ಲಿ ದೃಷ್ಟಿಯನ್ನೂ ಮನಸ್ಸನ್ನೂ ನೆಲೆಗೊಳಿಸಿದರೆ ಅದೇ ಸ್ಥಿತಿ ಒದಗುವುದೆಂದು ತೋರಿಸಿ, ೧೮೪೩ರ ತನ್ನ ಗ್ರಂಥದಲ್ಲಿ ಇದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದನು. ಕನ್ನಡದಲ್ಲಿ ಸಂಮೋಹನವೆನ್ನುವುದು ಇದನ್ನೇ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ಅನಿಮಿಷದೃಷ್ಟಿಯಿಂದ ನಿರೀಕ್ಷಿಸುವ ಶಿವಭಕ್ತರಿಗೆ, ದೃಷ್ಟಿ ನಿಂತಲ್ಲಿ ಮನಸ್ಸು ನಿಲ್ಲುವುದೆಂಬುದು ಹೊಸ ಸಂಗತಿಯಲ್ಲ. ಆದರೆ ಎರಡನ್ನೂ ಒಂದೆಂದು ತಿಳಿಯಲಾಗದು. ಸಂಮೋಹನದಲ್ಲಿ ಸಾಧಕನು ಇನ್ನೊಬ್ಬನ ಸೂಚನೆಗೆ ಮನಸ್ಸನ್ನು ತೆರೆಯುವನು, ಅದರ ಗುರಿ ನೋವಿನ ಶಮನ; ಲಿಂಗಪೂಜೆಯ ಗುರಿ ಬೇರೆ.

ಈಗ ವಿಜ್ಞಾನವು ಇದರ ಒಳಮರ್ಮವನ್ನು ಹೇಗೆ ಭೇದಿಸಿತೆಂಬುದನ್ನು ನೋಡತಕ್ಕದ್ದು. ೧೯೬೫ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ಸಂಶೋಧಕರು, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲು ಇದೆಯೆಂದೂ, ಮಿದುಳು ಮೇಲಿನಿಂದ ಆಜ್ಞೆಯಿತ್ತು ಅದನ್ನು ತೆರೆಯಲೂ ಮುಚ್ಚಲೂ ಬಲ್ಲುದೆಂದೂ ವಾದಿಸಿದರು. ೧೯೭೫ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ, ಅಫೀಮಿನಂತೆ ನೋವನ್ನು ತಣಿಸುವ ದ್ರವ್ಯವನ್ನು ಮಿದುಳು ತಾನೇ ತಯಾರಿಸಿಕೊಳ್ಳುವುದೆಂದು ಕಂಡುಹಿಡಿದರು. ೧೯೭೮ರಲ್ಲಿ ಲೆವೀನ್, ಗಾರ್ಡನ್, ಫೀಲ್ಡ್ಸ್ ಎಂಬವರು ದವಡೆಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದನ್ನು ಕೊಟ್ಟರು. ಕೆಲವರಿಗೆ ನೋವು ತಗ್ಗಿತು. ಬಳಿಕ ಅಫೀಮಿನ ಗುಣವನ್ನು ಮುರಿಯುವ ನಲೋಕ್ಸೋನ್ ಎಂಬ ಮದ್ದನ್ನು ಕೊಡಲು, ತಗ್ಗಿದ್ದ ನೋವು ಮತ್ತೆ ಹೆಚ್ಚಿತು. ಇದರ ತಾತ್ಪರ್ಯವನ್ನು ಗಮನಿಸಬೇಕು. ಹುಸಿಮದ್ದು ಏನನ್ನೂ ಮಾಡಲಿಲ್ಲ. ಗುಣವಾಗುವುದೆಂಬ ನಿರೀಕ್ಷೆಯು ದೇಹದೊಳಗಣ ಔಷಧಶಾಲೆಯ ಬಾಗಿಲನ್ನು ತೆರೆಯಿತು. ೨೦೦೯ರಲ್ಲಿ ಹ್ಯಾಂಬರ್ಗ್ ನಗರದ ಸಂಶೋಧಕರು, ಹುಸಿಮದ್ದನ್ನು ನಂಬಿದವರ ಬೆನ್ನುಹುರಿಯಲ್ಲಿಯೇ ನೋವಿನ ಕ್ರಿಯೆಯು ಕಡಿಮೆಯಾಗುವುದನ್ನು ಯಂತ್ರದ ಚಿತ್ರಗಳಿಂದ ತೋರಿಸಿದರು. ಹೀಗಿರಲು, “ಹಗುರವಾಯಿತು” ಎಂದ ತಾಯಿಯನ್ನು ಭ್ರಾಂತಳೆಂದು ನಗುವುದು ಅಜ್ಞಾನವೇ ಸರಿ.

ಸಂಮೋಹನದ ಮರ್ಮವು ಇದಕ್ಕಿಂತ ಸ್ವಲ್ಪ ಭಿನ್ನವಾದುದು. ೧೯೯೭ರಲ್ಲಿ ರೈನ್‌ವಿಲ್ ಮತ್ತು ಸಂಗಡಿಗರು ಸಂಮೋಹಿತರ ಕೈಯನ್ನು ಸುಡುವಂಥ ಬಿಸಿನೀರಿನಲ್ಲಿ ಇರಿಸಿ, ನೋವಿನ ಹಿಂಸೆ ಮಾತ್ರ ಕಡಿಮೆಯಾಗುವುದೆಂದು ಸೂಚಿಸಿದರು. ಬಿಸಿಯ ತೀವ್ರತೆಯನ್ನು ಅಳೆಯುವ ಮಿದುಳಿನ ಭಾಗವು ಹಾಗೆಯೇ ಇದ್ದಿತು. ಹಿಂಸೆಯನ್ನು ಅನುಭವಿಸುವ ಭಾಗದಲ್ಲಿ ಮಾತ್ರ ವ್ಯತ್ಯಾಸವಾಯಿತು. ನೋವು ಬೇರೆ, ನೋವಿನಿಂದ ಬೇಯುವುದು ಬೇರೆ ಎಂದು ಅನುಭಾವಿಗಳು ಹೇಳುತ್ತ ಬಂದುದಕ್ಕೆ ಇದು ಹತ್ತಿರವಾಗಿದೆ. ೨೦೦೦ದಲ್ಲಿ ಎಲ್ವಿರಾ ಲಾಂಗ್ ಎಂಬ ವೈದ್ಯೆಯು, ರಕ್ತನಾಳ ಮತ್ತು ಮೂತ್ರಪಿಂಡದ ಚಿಕಿತ್ಸೆಗಾಗಿ ಎಚ್ಚರದಲ್ಲಿಯೇ ಮಲಗಿದ ೨೪೧ ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಲು, ಸ್ವಸಂಮೋಹನವನ್ನು ಹೇಳಿಕೊಟ್ಟ ಗುಂಪಿನವರಿಗೆ ಕಾಲ ಸರಿದಂತೆ ನೋವು ಹೆಚ್ಚದೆ ಇದ್ದಿತು. ಔಷಧವೂ ಕಡಿಮೆ ಸಾಕಾಯಿತು. ಆದರೆ ಸಂಮೋಹನಕ್ಕೆ ಎಲ್ಲರೂ ಸಮಾನವಾಗಿ ಒಳಗಾಗುವುದಿಲ್ಲ. ಕೆಲವರು ಬೇಗನೆ ಒಳಗಾಗುವರು, ಬಹುಮಂದಿ ಮಧ್ಯಮರು, ಕೆಲವರಿಗೆ ಅದು ತಾಕುವುದೇ ಇಲ್ಲ. ೨೦೧೯ರಲ್ಲಿ ೮೫ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಗನೆ ಒಳಗಾಗುವವರಲ್ಲಿ ನೋವು ನೂರಕ್ಕೆ ೪೨ರಷ್ಟೂ, ಮಧ್ಯಮರಲ್ಲಿ ೨೯ರಷ್ಟೂ ಇಳಿದುದು ಕಂಡುಬಂದಿತು. ತಾಕದವನಲ್ಲಿ ಶ್ರದ್ಧೆಯಿಲ್ಲವೆಂದು ದೂಷಿಸುವುದು ಅನ್ಯಾಯ. ಅದು ಎತ್ತರ ಗಿಡ್ಡಗಳಂತೆ ಹುಟ್ಟಿನ ಭೇದ.

ಇಲ್ಲಿಯವರೆಗೆ ನಂಬುಗೆಯ ಪರವಾದ ಸಾಕ್ಷ್ಯವಾಯಿತು. ಇನ್ನು ಅದರ ಎಲ್ಲೆಯನ್ನು ಹೇಳದಿದ್ದರೆ ಅರ್ಧಸತ್ಯವಾಗುವುದು.

ಚೇಳು ಕುಟುಕಿದವನಿಗೆ ಮಂತ್ರ ಹಾಕಿಸುವುದು ಈ ಸೀಮೆಯಲ್ಲಿ ಹಳೆಯ ವಾಡಿಕೆ. ಸಾಧಾರಣವಾದ ಚೇಳಿನ ಉರಿಯು ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯತಕ್ಕದ್ದು; ಮಂತ್ರದವನಿಗೆ ಕೀರ್ತಿ ಬರುವುದು. ಇದರಿಂದ ಹಾನಿಯೇನೆಂದು ಕೇಳಬಹುದು. ಕೆಂಪು ಚೇಳಿನ ವಿಷವು ಹೃದಯಕ್ಕೂ ಶ್ವಾಸಕೋಶಕ್ಕೂ ಏರುವುದು. ಆಗ ಮಂತ್ರದಿಂದ ಉರಿಯು ತಗ್ಗಿದಂತೆ ಕಂಡರೂ ಒಳಗೆ ಮಗುವಿನ ಪ್ರಾಣವು ಹೋಗುತ್ತಿರುವುದು. ಕೊಂಕಣದ ಮಹಾಡ್ ಎಂಬ ಊರಿನಲ್ಲಿ ಡಾಕ್ಟರ್ ಬಾವಸ್ಕರ್ ಅವರು ೧೯೮೦ರ ದಶಕದಲ್ಲಿ ಪ್ರಾಜೋಸಿನ್ ಎಂಬ ಸಾಧಾರಣ ಮಾತ್ರೆಯಿಂದ ಇಂಥ ಎಷ್ಟೋ ಪ್ರಾಣಗಳನ್ನು ಉಳಿಸಿ ದಾರಿ ತೋರಿಸಿದರು. ಆ ಮಾತ್ರೆ ಫಲಿಸಬೇಕಾದರೆ ಹೊತ್ತು ಮೀರಬಾರದು.

೨೦೧೧ರಲ್ಲಿ ಅಮೆರಿಕದಲ್ಲಿ ಉಬ್ಬಸದ ರೋಗಿಗಳ ಮೇಲೆ ನಡೆದ ಪರೀಕ್ಷೆಯು ಈ ಎಲ್ಲೆಯನ್ನು ಗೆರೆ ಕೊರೆದಂತೆ ತೋರಿಸುವುದು. ನಿಜವಾದ ಮದ್ದನ್ನು ಸೇದಿದವರೂ ಹುಸಿಮದ್ದನ್ನು ಸೇದಿದವರೂ ಹೆಚ್ಚುಕಡಿಮೆ ಸಮನಾಗಿ “ಗುಣವಾಯಿತು” ಎಂದರು. ಯಂತ್ರದಿಂದ ಉಸಿರನ್ನು ಅಳೆದು ನೋಡಲು, ನಿಜವಾದ ಮದ್ದಿನಿಂದ ಅದು ನೂರಕ್ಕೆ ೨೦ರಷ್ಟು ಹೆಚ್ಚಿದ್ದಿತು. ಹುಸಿಮದ್ದಿನಿಂದ ಸುಮಾರು ೭ರಷ್ಟು ಮಾತ್ರ, ಏನನ್ನೂ ಕೊಡದವರಲ್ಲಿಯೂ ಅಷ್ಟೇ. ನಂಬುಗೆಯು ಬಾಧೆಯನ್ನು ತಗ್ಗಿಸಿತು, ರೋಗವನ್ನು ಮುಟ್ಟಲಿಲ್ಲ. ೨೦೦೧ರಲ್ಲಿ ಡೆನ್ಮಾರ್ಕಿನ ಇಬ್ಬರು ಪಂಡಿತರು ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಶೋಧಿಸಿ, ಹುಸಿಮದ್ದಿನ ಫಲವು ನೋವಿನಂಥ ಅನುಭವಗಳಲ್ಲಿ ಸ್ವಲ್ಪ ಕಾಣುವುದೇ ವಿನಾ ಮಿಕ್ಕ ಕಡೆ ಹೇಳಿಕೊಳ್ಳುವಂತೆ ಇಲ್ಲವೆಂದು ತೀರ್ಮಾನಿಸಿದರು.

ಈ ಮಾತು ರಾಯಲ್ಪಾಡಿನ ಸುತ್ತಿನ ಜನರಿಗೆ ಬಹು ಮುಖ್ಯವಾದುದು. ಕೋಲಾರದ ಸೀಮೆಯಲ್ಲಿ ಬತ್ತದ ನದಿಯಿಲ್ಲ. ಕೆರೆಗಳು ಒಣಗಿದಂತೆಲ್ಲ ಕೊಳವೆಬಾವಿಗಳು ಆಳಕ್ಕೆ ಇಳಿದುವು. ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವುಂಟು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಅದು ಹೆಚ್ಚಾದರೆ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುವುವು. ಬಹುಕಾಲ ಕುಡಿದವರ ಮೂಳೆ ಕೀಲುಗಳು ಬಿಗಿದುಕೊಂಡು ನಡು ಬಗ್ಗದಾಗುವುದು. ಈ ರೋಗವನ್ನು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಕಂಡು ೧೯೩೭ರಲ್ಲಿಯೇ ವೈದ್ಯರು ವರ್ಣಿಸಿದ್ದರು. ಅದನ್ನು ಮುಪ್ಪಿನ ನೋವೆಂದೋ ಪ್ರಾರಬ್ಧವೆಂದೋ ತಿಳಿದು, ಕೀಲುನೋವಿಗೆ ಅಂತ್ರ ಕಟ್ಟಿಸಿಕೊಂಡು ಹಗುರವಾಯಿತೆಂದು ಅದೇ ಬಾವಿಯ ನೀರನ್ನು ಅದೇ ಮನೆಯ ಮಗುವಿಗೆ ಕುಡಿಸಿದರೆ, ಆ ಹಗುರವೇ ಮಗುವಿಗೆ ಶತ್ರುವಾಯಿತು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸುವುದು, ಶುದ್ಧಿಮಾಡಿದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಕುಡಿಯುವುದು, ರಾಗಿ ಹಾಲುಗಳನ್ನು ಊಟದಲ್ಲಿ ಉಳಿಸಿಕೊಳ್ಳುವುದು, ಇವೇ ದಾರಿ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲದಿರುವುದರಿಂದ ಮುಂಜಾಗ್ರತೆಯೇ ಚಿಕಿತ್ಸೆ. ಹಾಗೆಯೇ ಅರ್ಬುದರೋಗದ ನೋವನ್ನು ಸಹಿಸಿಕೊಂಡಿರೆಂದು ಯಾರಿಗೂ ಉಪದೇಶಿಸಬಾರದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಅದಕ್ಕೆ ತಕ್ಕ ಮದ್ದುಂಟು.

ಇನ್ನೊಂದು ಪ್ರಶ್ನೆ ಉಳಿಯಿತು. ನೋವು ತಗ್ಗುವುದಾದರೆ ರೋಗಿಗೆ ಸುಳ್ಳು ಹೇಳಬಹುದೇ? ಸಕ್ಕರೆಯನ್ನು ದಿವ್ಯೌಷಧವೆಂದು ಕೊಡುವುದು ಕರುಣೆಯಲ್ಲವೇ ಎಂದು ಕೇಳುವವರುಂಟು. ೨೦೧೦ರಲ್ಲಿ ಕ್ಯಾಪ್ಚುಕ್ ಮತ್ತು ಸಂಗಡಿಗರು ಇದಕ್ಕೆ ಸೊಗಸಾದ ಉತ್ತರವನ್ನು ಕಂಡುಕೊಂಡರು. ಕರುಳಿನ ನೋವಿನ ೮೦ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ, “ಈ ಗುಳಿಗೆಯಲ್ಲಿ ಮದ್ದಿಲ್ಲ, ಆದರೆ ಇಂಥದರಿಂದಲೂ ದೇಹವು ತನ್ನನ್ನು ತಾನು ಸಂತೈಸಿಕೊಳ್ಳಬಲ್ಲುದು” ಎಂದು ನಿಜವನ್ನೇ ಹೇಳಿ ಕೊಟ್ಟರು. ಅವರಲ್ಲಿ ನೂರಕ್ಕೆ ೫೯ ಮಂದಿಗೂ, ಗುಳಿಗೆಯಿಲ್ಲದವರಲ್ಲಿ ೩೫ ಮಂದಿಗೂ ಸಾಕಷ್ಟು ಉಪಶಮನವಾಯಿತು. ಆರೈಕೆ, ಆದರ, ಭರವಸೆ ಇವುಗಳ ಬಲವು ಸುಳ್ಳಿನ ಆಸರೆಯಿಲ್ಲದೆಯೂ ನಿಲ್ಲಬಲ್ಲುದು.

ಮಾತು ತಣಿಸುವಂತೆ ಸುಡಲೂ ಬಲ್ಲುದು. ೨೦೧೧ರಲ್ಲಿ ಬಿಂಗೆಲ್ ಎಂಬ ಸಂಶೋಧಕಿಯು ಒಂದೇ ಬಲವಾದ ನೋವಿನ ಮದ್ದನ್ನು ಒಂದೇ ಪ್ರಮಾಣದಲ್ಲಿ ಹರಿಸುತ್ತಿರಲು, ಮದ್ದು ಬರುತ್ತಿದೆಯೆಂದು ತಿಳಿದಾಗ ಅದರ ಗುಣವು ಇಮ್ಮಡಿಯಾಯಿತು. ಮದ್ದು ನಿಂತಿತು, ಇನ್ನು ನೋವು ಹೆಚ್ಚುವುದೆಂದು ಹೇಳಿದಾಗ, ಮದ್ದು ಹರಿಯುತ್ತಿದ್ದರೂ ಗುಣವು ಅಳಿದೇಹೋಯಿತು. ರೋಗಿಯ ಮುಂದೆ ಕೂತು “ಇವರ ಅಣ್ಣನೂ ಹೀಗೆಯೇ ಹೋದ” ಎಂದು ನಿಟ್ಟುಸಿರುಬಿಡುವ ನೆಂಟರೂ, ಮುಖವೆತ್ತಿ ನೋಡದೆ ಚೀಟಿ ಬರೆಯುವ ವೈದ್ಯರೂ, ಶಾಪದ ಭಯವನ್ನು ಹುಟ್ಟಿಸುವವರೂ ಇದನ್ನು ನೆನಪಿನಲ್ಲಿಡಬೇಕು.

ಸದ್ಭಕ್ತರೇ, ಇದುವರೆಗೆ ಹೇಳಿದುದರ ಸಾರವಿಷ್ಟು. ನೋವೆಂದವನನ್ನು ನಂಬಬೇಕು. ಹಗುರವಾಯಿತೆಂದವನನ್ನೂ ನಂಬಬೇಕು. ಹಗುರವಾದ ಮಾತ್ರಕ್ಕೆ ರೋಗವು ಹೋಯಿತೆಂದು ಮಾತ್ರ ನಂಬಬಾರದು. ಮಠಕ್ಕೆ ಬಂದ ನೊಂದವನ ತಲೆಯ ಮೇಲೆ ಕೈಯಿಟ್ಟು ಧೈರ್ಯ ಹೇಳುವುದು ಮಠದ ಧರ್ಮ. ಅದೇ ಕೈಯಿಂದ ಆಸ್ಪತ್ರೆಯ ದಾರಿಯನ್ನು ತೋರಿಸುವುದೂ ಅದೇ ಧರ್ಮದ ಇನ್ನರ್ಧ. ಬಂದವನಿಗೆ ಅನ್ನವನ್ನಿಕ್ಕುವುದು ದಾಸೋಹವಾದರೆ, ನಿಜವನ್ನು ಮೆಲ್ಲನೆಯ ಮಾತಿನಲ್ಲಿ ನೀಡುವುದೂ ದಾಸೋಹವೇ. ಗುರುವಿನ ಮಾತೂ ವೈದ್ಯನ ಮದ್ದೂ ಒಂದಕ್ಕೊಂದು ಹೆಗಲಾಗಿ ನಡೆದು, ಈ ಸೀಮೆಯ ನೊಂದವರ ಬೆನ್ನು ನೆಟ್ಟಗಾಗಲಿ, ಮಕ್ಕಳ ಬಟ್ಟಲಿನ ನೀರು ನಿರ್ಮಲವಾಗಲಿ.